ಫಾರ್ಮ್ಯಾಟ್ ಹೊಡೆಯುವ ಮುನ್ನ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಅಷ್ಟರೊಳಗೆ ನಮ್ಮ ಡಿಟಿಪಿ ಅಂಗಡಿಯ ಕಂಪ್ಯೂಟರ್‌ಗಳನ್ನು 11ಕ್ಕೆ ಏರಿಸಬೇಕಿತ್ತು. ಬಿಲ್ಲಿಂಗ್‌ನದು ಸಲೀಸಾಗಿ ಏರಿತು. ಮದುವೆ ಕಾರ್ಡು, ಕರಪತ್ರಗಳೆಲ್ಲ ತಯಾರಾಗುವ ಮುಖ್ಯ ಯಂತ್ರ ಮಾತ್ರ ಅರ್ಧ ದಾರಿಯಲ್ಲಿ ನೀಲಿ ಪರದೆ ತೋರಿಸಿ, ತಾನಾಗಿಯೇ ರೀಸ್ಟಾರ್ಟ್ ಆಗಿ, ಏನೂ ಆಗಿಲ್ಲವೆಂಬಂತೆ ಹಳೆಯ 10ರಲ್ಲೇ ಬಂದು ಕೂತಿತು. ಇನ್ನೊಮ್ಮೆ ಏರಿಸಿದರೂ ಅದೇ ಕಥೆ.

‘ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್, ಅರ್ಧ ದಿನದ ಕೆಲಸ’ ಎಂದ ಸರ್ವಿಸ್ ಹುಡುಗ. ಅರ್ಧ ದಿನ ಅವನಿಗೆ. ಹತ್ತಾರು ವರ್ಷಗಳಿಂದ ಕೂಡಿಟ್ಟ ಫಾಂಟುಗಳು, ಪ್ರಿಂಟರಿನ ಬಣ್ಣದ ಹೊಂದಾಣಿಕೆ, ಸಿ.ಡಿ. ಕಳೆದುಹೋದ ತಂತ್ರಾಂಶಗಳು ಮತ್ತೆ ಹದಕ್ಕೆ ಬರಲು ನಮಗೆ ವಾರಗಟ್ಟಲೆ ಬೇಕು. ಬೇಡವೆಂದೆ. ಯಂತ್ರ ಹಳೆಯ ಸ್ಥಿತಿಗೆ ಮರಳಿದೆ ಎಂದರೆ ಕಡತಗಳೆಲ್ಲ ಕ್ಷೇಮ ಎಂದೇ ಅರ್ಥ, ಗಾಬರಿಗೆ ಕಾರಣವಿರಲಿಲ್ಲ.

ಹಿಂದಿರುಗಿದ ಮೇಲೆ ತೆರೆಯ ಮೇಲೆ ಒಂದು ಸಂಕೇತ ಇತ್ತು: ಸಿ1900101, ಅದರ ಬಾಲದಲ್ಲಿ 30018. ಹೆಚ್ಚಿನವರು ಇದನ್ನು ಓದದೆ ಕ್ಲೋಸ್ ಒತ್ತುತ್ತಾರೆ. ಮೊದಲ ಭಾಗ ಸಾಮಾನ್ಯವಾಗಿ ಡ್ರೈವರ್ ತೊಂದರೆಯನ್ನು ಸೂಚಿಸುತ್ತದೆ. ಬಾಲದ ಮೊದಲಂಕಿ ಯಾವ ಹಂತದಲ್ಲಿ ಮುರಿಯಿತೆಂದು ಹೇಳುತ್ತದೆ: 2 ಆದರೆ ಹೊಸ ವ್ಯವಸ್ಥೆಯ ಕಡತಗಳನ್ನು ಅಣಿಗೊಳಿಸುವಾಗ, 3 ಆದರೆ ಹೊಸ ವಿಂಡೋಸ್ ಮೊದಲ ಬಾರಿ ಬೂಟ್ ಆಗುವಾಗ, 4 ಆದರೆ ಎರಡನೆಯ ಬೂಟ್‌ನಲ್ಲಿ. ನಮ್ಮದು 3. ಹೊಸ ವ್ಯವಸ್ಥೆ ಎದ್ದು ಹಳೆಯ ಸಾಧನಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದಾಗ ಯಾವುದೋ ಒಂದು ಡ್ರೈವರ್ ಕೈಕೊಟ್ಟಿತ್ತು.

ಡ್ರೈವರ್ ಒಂದರಿಂದ ಇಡೀ ಯಂತ್ರ ಯಾಕೆ ಬೀಳಬೇಕು? ಅದು ವಿಂಡೋಸ್‌ನ ತಿರುಳಾದ ಕರ್ನಲ್‌ನ ಒಳಗೇ ಓಡುತ್ತದೆ. ಅಲ್ಲಿ ತಪ್ಪಾದರೆ ದತ್ತಾಂಶ ಕೆಡದಿರಲೆಂದು ವಿಂಡೋಸ್ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. 2024ರ ಜುಲೈ 19ರಂದು ಒಂದು ಭದ್ರತಾ ತಂತ್ರಾಂಶದ ದೋಷದ ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರ್‌ಗಳನ್ನು ಕೆಡವಿದ್ದೂ ಇದೇ ಬಾಗಿಲಿನಿಂದ ಒಳಹೊಕ್ಕು.

ಕೀಬೋರ್ಡ್, ಮೌಸ್, ಮಾನಿಟರ್ ಬಿಟ್ಟು ಉಳಿದದ್ದನ್ನೆಲ್ಲ ಕಳಚಿದೆ. ಹೊರಗಿನ ಆಂಟಿವೈರಸ್ಸನ್ನೂ ತೆಗೆದೆ. ಮತ್ತೆ ನೀಲಿ. ಅನುಮಾನವಿದ್ದದ್ದು ಕನ್ನಡ ಟೈಪಿಂಗ್ ತಂತ್ರಾಂಶದ ಯುಎಸ್‌ಬಿ ಲಾಕ್ ಮೇಲೆ. ಹಳೆಯ ಡಿಟಿಪಿಯವರಿಗೆಲ್ಲ ಗೊತ್ತು, ಆ ಡಾಂಗಲ್ ಚುಚ್ಚದೆ ಒಂದಕ್ಷರವೂ ಮೂಡುವುದಿಲ್ಲ. ಅದನ್ನು ಕಿತ್ತಿದ್ದೆ, ನಿಜ. ಆದರೆ ಡಾಂಗಲ್ ಕಿತ್ತರೆ ಅದರ ಡ್ರೈವರ್ ಹೋಗುವುದಿಲ್ಲ.

ಸುಳಿವು ಸಿಕ್ಕಿದ್ದು ವಿಂಡೋಸ್ ಸೆಕ್ಯುರಿಟಿಯೊಳಗಿನ ಕೋರ್ ಐಸೊಲೇಶನ್ ಪುಟದಲ್ಲಿ. ಅಲ್ಲಿ ಮೆಮೊರಿ ಇಂಟೆಗ್ರಿಟಿಯನ್ನು ಆನ್ ಮಾಡಲು ಹೋದರೆ, ಹೊಂದಿಕೆಯಾಗದ ಡ್ರೈವರ್‌ಗಳ ಪಟ್ಟಿಯನ್ನು ಅದೇ ಒಪ್ಪಿಸುತ್ತದೆ. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು: ವಿಂಡೋಸ್ 7ರ ಕಾಲದ ಆ ಲಾಕಿನ ಡ್ರೈವರ್. ಪಿಎನ್‌ಪಿಯುಟಿಲ್ ಎಂಬ ಕಮಾಂಡ್‌ನಿಂದ ಅದನ್ನು ಅಳಿಸಿದೆ. ಅಪ್‌ಗ್ರೇಡ್ ತಕರಾರಿಲ್ಲದೆ ಮುಗಿಯಿತು.

ಟೈಪಿಂಗ್ ತಂತ್ರಾಂಶ ಮಾರಿದವರಿಗೆ ಫೋನ್ ಮಾಡಿದಾಗ ಬಂದ ಉತ್ತರ, ‘ಹೊಸ ವರ್ಷನ್ ಕೊಂಡುಕೊಳ್ಳಿ.’ ಲಾಕ್ ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ವಿಂಡೋಸ್ 11ಕ್ಕೆ ಹೊಂದುವ ಡ್ರೈವರ್ ಪುಕ್ಕಟೆಯಾಗಿ ಸಿಗುತ್ತಿತ್ತು! ಅದನ್ನು ಹಾಕಿದ ಮೇಲೆ ಹಳೆಯ ಡಾಂಗಲ್ಲೇ ಕೆಲಸ ಮಾಡಿತು.

ನಿಮ್ಮ ಅಂಗಡಿಯಲ್ಲೂ ಇಂಥ ಲಾಕ್ ಇದ್ದರೆ ಅಪ್‌ಗ್ರೇಡ್‌ಗೆ ಕೈ ಹಾಕುವ ಮೊದಲೇ ಹೊಸ ಡ್ರೈವರ್ ಇಳಿಸಿಟ್ಟುಕೊಳ್ಳಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ನೀಲಿ ಪರದೆ ಬಂದಾಗ ಮೊಬೈಲಿನಲ್ಲಿ ಅದರ ಫೋಟೋ ತೆಗೆಯಿರಿ. ಸರ್ವಿಸ್‌ನವರಿಗೆ ಫೋನ್ ಮಾಡುವುದು ಆಮೇಲೆ.