ಗೋಡೆಯ ತೇವದ ಜಮಾ-ಖರ್ಚು

ಖಾರಘರದ ಮಳೆಗಾಲದಲ್ಲಿ ನೈಋತ್ಯದ ಗಾಳಿಯು ಮಳೆಯನ್ನು ಓರೆಯಾಗಿ ತಂದು ಕಟ್ಟಡಗಳ ಪಶ್ಚಿಮ ಹಾಗೂ ದಕ್ಷಿಣದ ಗೋಡೆಗಳಿಗೆ ಅಪ್ಪಳಿಸುತ್ತದೆ. ಒಳಗೆ ಬಣ್ಣ ಉಬ್ಬಿ ಬೂಷ್ಟು ಮೂಡುತ್ತದೆ. ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. ತೇವವಿರುವ ಮನೆಗಳ ನಿವಾಸಿಗಳಲ್ಲಿ ಕೆಮ್ಮು, ಉಬ್ಬಸಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯು ಎಚ್ಚರಿಸಿದೆ.

ಬ್ಯಾಂಕಿನ ಖಾತೆಯಂತೆ ಗೋಡೆಗೂ ಜಮಾ-ಖರ್ಚುಗಳುಂಟು. ಬಿರುಕುಗಳಲ್ಲಿ ಇಳಿಯುವ ನೀರು, ಗಿಲಾವಿನ ಸೂಕ್ಷ್ಮ ರಂಧ್ರಗಳು ಹೀರುವ ನೀರು, ಗಾಳಿಯೊಳಗಿನ ಆವಿ - ಇವು ಜಮಾ. ಬಿಸಿಲು-ಗಾಳಿಗೆ ಒಣಗಿಹೋಗುವುದು ಖರ್ಚು. ಉಳಿದ ಶಿಲ್ಕೇ ನಮ್ಮನ್ನು ಕಾಡುವ ತೇವ.

ಈ ಲೆಕ್ಕಕ್ಕೆ ಜರ್ಮನಿಯ ಗ್ಲೇಸರ್ ಎಂಬವರು 1950ರ ದಶಕದ ಕೊನೆಯಲ್ಲಿ ಕಾಗದದ ಮೇಲೆಯೇ ಮಾಡಬಹುದಾದ ಕ್ರಮವೊಂದನ್ನು ರೂಪಿಸಿದರು. ಅದರಲ್ಲಿ ಆವಿಯ ಗಣನೆಯಿತ್ತೇ ಹೊರತು ಮಳೆಯದಿರಲಿಲ್ಲ. ಆ ಕೊರತೆಯನ್ನು ಗಣಕಯಂತ್ರವು ತುಂಬಿತು. ಅಲ್ಲಿಯ ಫ್ರೌನ್‌ಹೋಫರ್ ಸಂಸ್ಥೆಯ ಕ್ಯೂನ್ಸೆಲ್ ಅವರು 1994ರಲ್ಲಿ ಮಂಡಿಸಿದ ವಿಧಾನದಲ್ಲಿ ಗೋಡೆಯನ್ನು ತೆಳು ಪದರಗಳಾಗಿ ವಿಂಗಡಿಸಿ, ಗಂಟೆಗಂಟೆಯ ಮಳೆ, ಬಿಸಿಲು, ಗಾಳಿ, ಉಷ್ಣತೆಗಳನ್ನು ನಮೂದಿಸಿ, ಪದರದಿಂದ ಪದರಕ್ಕೆ ಸಾಗುವ ಶಾಖ ಹಾಗೂ ನೀರನ್ನು ಒಟ್ಟಿಗೆ ಲೆಕ್ಕಹಾಕಲಾಗುತ್ತದೆ. ಹಲವು ವರ್ಷಗಳ ಹವೆಯನ್ನು ಹೀಗೆ ಓಡಿಸಿ ನೋಡಿದರೆ, ಶಿಲ್ಕು ವರ್ಷದಿಂದ ವರ್ಷಕ್ಕೆ ಕರಗುವುದೋ ಬೆಳೆಯುವುದೋ ಕಟ್ಟುವ ಮೊದಲೇ ತಿಳಿಯುತ್ತದೆ.

ಇಂಥ ಲೆಕ್ಕ ಕಲಿಸುವ ಮುಖ್ಯ ಪಾಠವೆಂದರೆ, ನೀರನ್ನು ತಡೆಯುವಷ್ಟೇ ಒಣಗಲು ಬಿಡುವುದೂ ಅಗತ್ಯ. ತೇವದ ಗೋಡೆಗೆ ಒಳಗಿನಿಂದ ಎಣ್ಣೆಬಣ್ಣವನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿದರೆ ಕಲೆ ಮರೆಯಾಗಬಹುದು, ಆದರೆ ಖರ್ಚಿನ ದಾರಿ ಮುಚ್ಚುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಅಪಾಯ ಇನ್ನೂ ಹೆಚ್ಚು. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 80 ಆರ್ದ್ರತೆ ಇದ್ದಾಗ, ಆ ಗಾಳಿಯ ಆವಿಯು ಸುಮಾರು 26 ಡಿಗ್ರಿಯಲ್ಲೇ ನೀರಾಗತೊಡಗುತ್ತದೆ. ಕೋಣೆಯನ್ನು 20 ಡಿಗ್ರಿಗೆ ತಂಪುಮಾಡಿದರೆ ಒಳಬರುವ ಆವಿಯು ಆ ಹೊದಿಕೆಯ ಬೆನ್ನಿಗೇ ನೀರಾಗಿ ನಿಲ್ಲುತ್ತದೆ.

ಆದ್ದರಿಂದ ಸೊಸೈಟಿಯ ಸದಸ್ಯರು ಬೇಸಿಗೆಯಲ್ಲೇ ಹೊರಗೋಡೆಯ ಬಿರುಕುಗಳನ್ನು ಮುಚ್ಚಿಸಬೇಕು. ಮಳೆಯನ್ನು ತಡೆದರೂ ಆವಿಯನ್ನು ಹೊರಬಿಡುವ ಲೇಪವನ್ನೇ ಆರಿಸಬೇಕು. ಗೋಡೆ ಪೂರ್ತಿ ಒಣಗಿದ ಮೇಲಷ್ಟೇ ಒಳಗೆ ಬಣ್ಣ ಬಳಿಸಬೇಕು. ಕಪಾಟುಗಳನ್ನು ಹೊರಗೋಡೆಯಿಂದ ಗೇಣುದೂರ ಇರಿಸಿದರೆ ಹಿಂಬದಿಗೂ ಗಾಳಿಯಾಡುತ್ತದೆ. ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ಮುಂಚಾಚಿದ ಸೂರು ಮಳೆಯನ್ನು ಗೋಡೆಯಿಂದ ದೂರವಿಡುತ್ತಿತ್ತು. ಆ ಸೂರಿಲ್ಲದ ಬಹುಮಹಡಿಯ ಮನೆಯಲ್ಲಿ ಈ ಎಚ್ಚರಿಕೆಯೇ ನಮಗೆ ಸೂರು.