ಮೂಕಪ್ರಾಣಿಯ ಕಾವಲು

ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ ತುಳುನಾಡಿನಲ್ಲಿ ಕಂಬಳದ ಕಾಲ ಆರಂಭವಾಗುತ್ತದೆ. ಮೂಡುಬಿದಿರೆ, ಬೆಳ್ತಂಗಡಿ ತಾಲ್ಲೂಕಿನ ವೇಣೂರು, ಬಂಟ್ವಾಳ ತಾಲ್ಲೂಕಿನ ಹೊಕ್ಕಾಡಿಗೋಳಿ ಮೊದಲಾದ ಕಡೆಗಳಲ್ಲಿ ಜೋಡುಕರೆಯ ಕೋಣಗಳ ಓಟವನ್ನು ನೋಡಲು ಸಾವಿರಾರು ಜನ ನೆರೆಯುತ್ತಾರೆ. ಈ ಕೋಣಗಳನ್ನು ಯಜಮಾನರು ಮನೆಯ ಮಕ್ಕಳಂತೆ ಸಾಕುತ್ತಾರೆ. ಹುರುಳಿ ಬೇಯಿಸಿ ತಿನ್ನಿಸುತ್ತಾರೆ, ಎಣ್ಣೆ ತಿಕ್ಕಿ ಮೀಯಿಸುತ್ತಾರೆ. ಆದರೆ ಪ್ರೀತಿಯೊಂದರಿಂದಲೇ ಪ್ರಾಣಿಯ ರಕ್ಷಣೆಯಾಗದು. ಕಣ್ಣಿಗೆ ಕಾಣದ ರೋಗಾಣುಗಳಿಂದ ಅದನ್ನು ಕಾಯಲು ತಿಳಿವಳಿಕೆಯೂ ಬೇಕು.

ಅಂತಹ ರೋಗಗಳಲ್ಲಿ ಅತ್ಯಂತ ಭೀಕರವಾದುದು ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ಇದು ನಾಯಿಗೆ ಮಾತ್ರ ಬರುವ ರೋಗವೆಂದು ತಿಳಿಯುವುದು ತಪ್ಪು. ಕುದುರೆ, ದನ, ಕೋಣ, ಮನುಷ್ಯ ಯಾರನ್ನೂ ಅದು ಬಿಡದು. ರೋಗಪೀಡಿತ ಪ್ರಾಣಿಯ ಜೊಲ್ಲಿನಲ್ಲಿರುವ ವೈರಾಣು ಗಾಯದ ಮೂಲಕ ಒಳಹೊಕ್ಕು, ನರಗಳ ದಾರಿಯಲ್ಲಿ ಮೆದುಳನ್ನು ಸೇರುತ್ತದೆ. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯಬಹುದು. ರಾತ್ರಿ ಹಟ್ಟಿಗೆ ನುಗ್ಗಿದ ನಾಯಿ ಮಾಡಿದ ಸಣ್ಣ ಗಾಯವನ್ನು ಯಜಮಾನನು ಗಮನಿಸದೆ ಹೋಗಬಹುದು. ಕೋಣವು ಬಾಯಿಬಿಟ್ಟು ಹೇಳಲಾರದು.

ರೋಗ ಬಲಿತಾಗ ಪ್ರಾಣಿ ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ವಿಕಾರವಾದ ದನಿಯಲ್ಲಿ ಕೂಗುತ್ತದೆ. ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಭ್ರಮಿಸಿ, ಸಾಕಿದವನು ಕನಿಕರದಿಂದ ಬಾಯೊಳಗೆ ಕೈಹಾಕುತ್ತಾನೆ. ಆ ಕನಿಕರವೇ ಅವನ ಪ್ರಾಣಕ್ಕೆ ಎರವಾಗಬಹುದು. ಲಕ್ಷಣಗಳು ತೋರಿದ ಮೇಲೆ ಪ್ರಾಣಿಯನ್ನು ಬದುಕಿಸುವ ಔಷಧವಿಲ್ಲ.

ಆದರೆ ಮೊದಲೇ ಎಚ್ಚರಗೊಂಡರೆ ಈ ರೋಗವನ್ನು ತಡೆಯಬಹುದು. 1885ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್, ಹುಚ್ಚುನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ತನ್ನ ಲಸಿಕೆಯನ್ನು ಕೊಡಿಸಿದನು, ಬಾಲಕನು ಉಳಿದನು. ಕಚ್ಚಿದ ಗಾಯವನ್ನು ಕೂಡಲೇ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಮನುಷ್ಯನಾದರೆ ಆಸ್ಪತ್ರೆಗೆ ಧಾವಿಸಬೇಕು. ಪ್ರಾಣಿಯಾದರೆ ಪಶುವೈದ್ಯರನ್ನು ಕರೆಯಬೇಕು. ಊರಿನ ನಾಯಿಗಳಿಗೆ ತಪ್ಪದೆ ಲಸಿಕೆ ಹಾಕಿಸುವುದೇ ಹಟ್ಟಿಗೆ ಕಟ್ಟುವ ಭದ್ರವಾದ ಬೇಲಿ.

ರೇಬೀಸ್ ಒಂದೇ ಶತ್ರುವಲ್ಲ. ಕಾಲುಬಾಯಿ ಜ್ವರವು ಕುದುರೆಗೆ ತಗಲದಿದ್ದರೂ ದನ, ಕೋಣಗಳಲ್ಲಿ ಬಹುಬೇಗ ಹರಡುತ್ತದೆ. ಹತ್ತಾರು ಊರುಗಳ ಪ್ರಾಣಿಗಳು ಒಂದೆಡೆ ಸೇರುವಲ್ಲಿ ಅದರ ಅಪಾಯ ಹೆಚ್ಚು. ಗಂಟಲುಬೇನೆಯು ಮಳೆಗಾಲದಲ್ಲಿ ಎರಗಿ, ಒಂದೆರಡು ದಿನಗಳಲ್ಲಿಯೇ ಕೋಣವನ್ನು ಕೊಲ್ಲಬಲ್ಲದು. ಆದುದರಿಂದ ಮಳೆ ಹಿಡಿಯುವ ಮೊದಲೇ ಅದಕ್ಕೆ ಲಸಿಕೆ ಹಾಕಿಸಬೇಕು. ಕಾಯಿಲೆಯ ಪ್ರಾಣಿಯನ್ನು ಬೇರೆ ಕಟ್ಟಬೇಕು, ಕಂಬಳಕ್ಕೆ ಕೊಂಡೊಯ್ಯಬಾರದು.

ಒಂದು ಕಾಲದಲ್ಲಿ ದೊಡ್ಡರೋಗವೆಂಬ ಮಾರಿ ಹಟ್ಟಿಹಟ್ಟಿಗಳನ್ನೇ ಬರಿದು ಮಾಡುತ್ತಿತ್ತು. ಲಸಿಕೆಯ ಬಲದಿಂದ ಅದು ಭೂಮಿಯಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ರೈತನೂ ವೈದ್ಯನೂ ಕೈಜೋಡಿಸಿದರೆ ಏನನ್ನು ಸಾಧಿಸಬಹುದೆಂಬುದಕ್ಕೆ ಇದೇ ಸಾಕ್ಷಿ.

ಗೆದ್ದ ಕೋಣದ ಕೊರಳಿಗೆ ಹಾರ ಹಾಕುವುದು ಸುಲಭ. ನೋವನ್ನು ಹೇಳಲಾರದ ಆ ಜೀವದ ಮೈಮೇಲಿನ ಗಾಯವನ್ನು ದಿನವೂ ಹುಡುಕಿ ನೋಡುವವನೇ ಅದರ ನಿಜವಾದ ಯಜಮಾನ.