ಹಳೇ ಇಂಜಿನ್ ತೆಗೆದು ಮೋಟರ್ ಕೂರಿಸ್ತೀರಾ? ಮೊದಲು ಪುಲ್ಲಿ ಲೆಕ್ಕ ಹಾಕಿ



ಸ್ಕಂದಗಿರಿ ತಪ್ಪಲಿನ ಊರುಗಳಿಂದ ಹಿಡಿದು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರೆಗೆ ನಾಲ್ಕು ಹಸು ಕಟ್ಟಿದ ಮನೆಗೆ ಚಾಫ್ ಕಟರ್ ಬೇಕೇ ಬೇಕು. ರಾಗಿ ಹುಲ್ಲು, ಜೋಳದ ಕಡ್ಡಿ, ನೇಪಿಯರ್ ಎಲ್ಲ ಅದರಲ್ಲೇ ಕತ್ತರಿಸೋದು. ಕೆಲವರ ಮನೆಯಲ್ಲಿ ಇದನ್ನು ಓಡಿಸಲು ತಾತನ ಕಾಲದ ಡೀಸೆಲ್ ಇಂಜಿನ್ ಇನ್ನೂ ಇದೆ. ಡೀಸೆಲ್ ಖರ್ಚು, ಹ್ಯಾಂಡಲ್ ತಿರುಗಿಸುವ ಕಷ್ಟ ಬೇಡ ಅಂತ ಅದನ್ನು ತೆಗೆದು ಮೋಟರ್ ಕೂರಿಸಲು ಹೊರಟಿದ್ದೀರಾ? ಒಳ್ಳೆಯದೇ. ಆದರೆ ಇಂಜಿನ್‌ನ ಪುಲ್ಲಿಯನ್ನೇ ಬಿಚ್ಚಿ ಮೋಟರ್‌ಗೆ ಹಾಕಿದರೆ ಕೆಲಸ ಕೆಡುತ್ತದೆ, ಕೈಗೂ ಅಪಾಯ. ಯಾಕೆ ಅಂತ ಈ ವಾರ ನೋಡೋಣ.

ವೇಗ ಎಲ್ಲಿ ತಪ್ಪುತ್ತದೆ?

ಇಂಗ್ಲೆಂಡಿನ ಲಿಸ್ಟರ್ ಮಾದರಿಯಲ್ಲಿ ಗುಜರಾತಿನ ರಾಜ್‌ಕೋಟ್ ಕಡೆ ತಯಾರಾದ ದೊಡ್ಡ ಫ್ಲೈವೀಲ್‌ನ 6 ಎಚ್‌ಪಿ ಇಂಜಿನ್ ನಿಮಿಷಕ್ಕೆ 650 ಸುತ್ತು ತಿರುಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ನಾಲ್ಕು ಪೋಲ್ ಮೋಟರ್ ಸುಮಾರು 1440 ಸುತ್ತು ತಿರುಗುತ್ತದೆ. ಎರಡರಷ್ಟಕ್ಕಿಂತ ಜಾಸ್ತಿ!

ಲೆಕ್ಕ ಸುಲಭ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು:

ಇಂಜಿನ್ ವೇಗ × ಇಂಜಿನ್ ಪುಲ್ಲಿ ಅಳತೆ = ಯಂತ್ರದ ವೇಗ × ಯಂತ್ರದ ಪುಲ್ಲಿ ಅಳತೆ

ಒಂದು ಉದಾಹರಣೆ ತಗೊಳ್ಳೋಣ. ಇಂಜಿನ್‌ಗೆ 10 ಇಂಚು ಪುಲ್ಲಿ, ಚಾಫ್ ಕಟರ್‌ಗೆ 20 ಇಂಚು ಪುಲ್ಲಿ ಇದೆ ಅಂದುಕೊಳ್ಳಿ. 650ನ್ನು 10ರಿಂದ ಗುಣಿಸಿ 20ರಿಂದ ಭಾಗಿಸಿದರೆ 325. ಅಂದರೆ ಕತ್ತಿ ಇರುವ ಚಕ್ರ ಇಷ್ಟು ದಿನ ನಿಮಿಷಕ್ಕೆ 325 ಸುತ್ತು ತಿರುಗುತ್ತಿತ್ತು. ಅದೇ 10 ಇಂಚು ಪುಲ್ಲಿಯನ್ನು ಮೋಟರ್‌ಗೆ ಹಾಕಿದರೆ 720 ಸುತ್ತು ಆಗುತ್ತದೆ.

ಬೇಗ ಕೆಲಸ ಮುಗಿಯುತ್ತೆ ಬಿಡಿ ಅನ್ನಬೇಡಿ. ಚಕ್ರವನ್ನು, ಕತ್ತಿಯ ಬೋಲ್ಟನ್ನು ಹೊರಕ್ಕೆ ಎಳೆಯುವ ಬಲ ವೇಗದ ವರ್ಗದಂತೆ ಏರುತ್ತದೆ. ಇಲ್ಲಿ ಅದು ಸುಮಾರು ಐದು ಪಟ್ಟು. ಹಳೇ ಬೀಡಿನ ಚಕ್ರದಲ್ಲಿ ಒಂದು ಬಿರುಕು ಇದ್ದರೂ ಒಡೆದು ಸಿಡಿಯಬಹುದು. ಮೇವು ಎಳೆಯುವ ರೋಲರ್ ಕೂಡ ಗೇರ್ ಮೂಲಕ ಅದೇ ಶಾಫ್ಟ್‌ಗೆ ಸೇರಿದೆ. ವೇಗ ಎರಡರಷ್ಟಾದರೆ, ಸಿಕ್ಕಿಕೊಂಡ ಕೈ ಹಿಂದಕ್ಕೆ ಎಳೆಯಲು ಸಿಗುವ ಸಮಯ ಅರ್ಧಕ್ಕೆ ಇಳಿಯುತ್ತದೆ. ಮೋಟರ್ ಮೇಲೂ ಲೋಡ್ ಬಿದ್ದು ವೈಂಡಿಂಗ್ ಸುಡಬಹುದು.

ಹಂತ 1: ಹಳೇ ಇಂಜಿನ್ ಬಿಚ್ಚುವ ಮೊದಲೇ ಅಳೆಯಿರಿ

ಚಾಫ್ ಕಟರ್ ಪ್ಲೇಟ್ ಮೇಲೆ ವೇಗ ಬರೆದಿದ್ದರೆ ಅದನ್ನೇ ಹಿಡಿಯಿರಿ. ಪ್ಲೇಟ್ ಅಳಿಸಿಹೋಗಿದ್ದರೆ ಯಂತ್ರ ನಿಂತಿರುವಾಗ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ಓಡಿಸಿ, ದೂರ ನಿಂತು ಮೊಬೈಲ್‌ನಲ್ಲಿ 10 ಸೆಕೆಂಡ್ ವಿಡಿಯೋ ಮಾಡಿ. ಪ್ಲೇ ಮಾಡುವಾಗ ವೇಗ ಕಡಿಮೆ ಮಾಡಿಕೊಂಡು ಸುತ್ತು ಎಣಿಸಿ, 6ರಿಂದ ಗುಣಿಸಿ. 54 ಸುತ್ತು ಬಂದರೆ ವೇಗ 324. ಎರಡೂ ಪುಲ್ಲಿಗಳ ಅಡ್ಡಳತೆ, ಚಕ್ರ ತಿರುಗುವ ದಿಕ್ಕು ಎರಡನ್ನೂ ಬರೆದಿಡಿ.

ಹಂತ 2: ಪುಲ್ಲಿ ಆರಿಸಿ

ನಮಗೆ 325 ಸುತ್ತು ಬೇಕು. 325ನ್ನು 20ರಿಂದ ಗುಣಿಸಿ 1440ರಿಂದ ಭಾಗಿಸಿದರೆ ನಾಲ್ಕೂವರೆ ಇಂಚು ಬರುತ್ತದೆ. ಇಲ್ಲೇ ಒಂದು ಸೂಕ್ಷ್ಮ ಇದೆ. ವಿ-ಬೆಲ್ಟ್‌ಗೆ ತೀರಾ ಚಿಕ್ಕ ಪುಲ್ಲಿ ಆಗುವುದಿಲ್ಲ. ಬೆಲ್ಟ್ ಜಾಸ್ತಿ ಬಾಗಿ ಬಿಸಿಯಾಗಿ ಬೇಗ ಹರಿಯುತ್ತದೆ. ಅಂದಾಜು ಹೀಗಿದೆ:

• ಎ ಬೆಲ್ಟ್ (13 ಮಿ.ಮೀ. ಅಗಲ): ಕನಿಷ್ಠ 3 ಇಂಚು ಪುಲ್ಲಿ
• ಬಿ ಬೆಲ್ಟ್ (17 ಮಿ.ಮೀ. ಅಗಲ): ಕನಿಷ್ಠ 5 ಇಂಚು
• ಸಿ ಬೆಲ್ಟ್ (22 ಮಿ.ಮೀ. ಅಗಲ): ಕನಿಷ್ಠ 8 ಇಂಚು

5 ಎಚ್‌ಪಿ ಮೋಟರ್‌ಗೆ ಎರಡು ಬಿ ಬೆಲ್ಟ್ ಹಾಕುವುದು ಸರಿ. ಆಗ ಮೋಟರ್ ಪುಲ್ಲಿ 5 ಇಂಚಿಗಿಂತ ಚಿಕ್ಕದಾಗಬಾರದು. 5 ಇಂಚು ಹಾಕಿ 20 ಇಂಚನ್ನು ಹಾಗೇ ಬಿಟ್ಟರೆ 360 ಸುತ್ತು ಬರುತ್ತದೆ. ಪ್ಲೇಟ್‌ನಲ್ಲಿ ಅಷ್ಟು ವೇಗಕ್ಕೆ ಅವಕಾಶ ಇದ್ದರೆ ಮಾತ್ರ ಹಾಗೆ ಮಾಡಿ. ಇಲ್ಲದಿದ್ದರೆ ಯಂತ್ರದ ಪುಲ್ಲಿಯನ್ನೇ 22 ಇಂಚಿಗೆ ಬದಲಿಸಿ. ಆಗ ವೇಗ 327, ಹಳೇ ಲೆಕ್ಕಕ್ಕೆ ಸರಿಯಾಯಿತು. ಎರಡೂ ಪುಲ್ಲಿಗಳ ಗ್ರೂವ್ ಒಂದೇ ಸೈಜಿನದ್ದಾಗಿರಲಿ. ಬಿ ಗ್ರೂವ್‌ನಲ್ಲಿ ಎ ಬೆಲ್ಟ್ ತಳಕ್ಕೆ ಇಳಿದು ಜಾರುತ್ತದೆ.

ಹಂತ 3: ಬೆಲ್ಟ್ ಉದ್ದ

ಎರಡು ಶಾಫ್ಟ್‌ಗಳ ನಡುವೆ ಕನಿಷ್ಠ ದೊಡ್ಡ ಪುಲ್ಲಿಯಷ್ಟಾದರೂ ದೂರ ಇರಲಿ. ತೀರಾ ಹತ್ತಿರ ಕೂರಿಸಿದರೆ ಚಿಕ್ಕ ಪುಲ್ಲಿಗೆ ಬೆಲ್ಟ್ ಸರಿಯಾಗಿ ಸುತ್ತುವುದಿಲ್ಲ, ಜಾರುತ್ತದೆ. ನಮ್ಮ ಉದಾಹರಣೆಯಲ್ಲಿ 30 ಇಂಚು ಇಟ್ಟರೆ ಚೆನ್ನಾಗಿರುತ್ತದೆ.

ಮೋಟರ್ ಇಟ್ಟು ಎರಡೂ ಪುಲ್ಲಿಗಳ ಸುತ್ತ ದಾರ ಸುತ್ತಿ ಅಳೆಯಿರಿ. ಇಲ್ಲಿ ಸುಮಾರು 105 ಇಂಚು ಬರುತ್ತದೆ. ಆದರೆ ಅಂಗಡಿಯಲ್ಲಿ ಬಿ-105 ಕೇಳಬೇಡಿ! ಬೆಲ್ಟ್ ಮೇಲಿನ ಸಂಖ್ಯೆ ಒಳಸುತ್ತಿನ ಉದ್ದ. ಬಿ ಬೆಲ್ಟ್‌ನಲ್ಲಿ ಹೊರಸುತ್ತಿಗಿಂತ ಅದು ಎರಡೂವರೆಯಿಂದ ಮೂರು ಇಂಚು ಕಡಿಮೆ. ಹಾಗಾಗಿ ಬಿ-102 ಅಥವಾ ಬಿ-103 ತನ್ನಿ. ಮೋಟರ್ ಹಿಂದೆ ಮುಂದೆ ಸರಿಯುವಂತೆ ಉದ್ದ ತೂತಿನ ಬೇಸ್ ಮಾಡಿಸಿಕೊಂಡರೆ ಒಂದೆರಡು ಇಂಚು ಹೊಂದಿಸಬಹುದು. ಎರಡು ಬೆಲ್ಟ್ ಇದ್ದರೆ ಒಂದೇ ಕಂಪನಿಯದ್ದು, ಒಟ್ಟಿಗೇ ಹೊಸದಾಗಿ ಹಾಕಿ. ಒಂದು ಹಳೇದು, ಒಂದು ಹೊಸದು ಆದರೆ ಹೊಸದರ ಮೇಲೇ ಎಲ್ಲ ಭಾರ ಬೀಳುತ್ತದೆ.

ಹಂತ 4: ಕೂರಿಸುವುದು

• ದಾರ ಎಳೆದು ನೋಡಿ, ಎರಡೂ ಪುಲ್ಲಿ ಒಂದೇ ನೇರಕ್ಕೆ ಇರಬೇಕು. ಓರೆಯಾದರೆ ಬೆಲ್ಟ್ ಒಂದು ಬದಿ ಸವೆಯುತ್ತದೆ.
• ಬೆಲ್ಟನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಹಾಕಬೇಡಿ. ಮೋಟರ್ ಮುಂದೆ ತಂದು ಹಾಕಿ, ಆಮೇಲೆ ಹಿಂದೆ ಸರಿಸಿ.
• ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಇಳಿಯುವಷ್ಟು ಬಿಗಿ ಸಾಕು. ಅತಿ ಬಿಗಿಯಾದರೆ ಬೇರಿಂಗ್ ಹೋಗುತ್ತದೆ. ಮೊದಲ ದಿನ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.
• ಬೆಲ್ಟ್ ಹಾಕುವ ಮೊದಲು ಮೋಟರ್ ಒಂದೇ ಓಡಿಸಿ ದಿಕ್ಕು ನೋಡಿ. ಉಲ್ಟಾ ತಿರುಗಿದರೆ, ಥ್ರೀ ಫೇಸ್ ಮೋಟರ್‌ಗೆ ಯಾವುದಾದರೂ ಎರಡು ವೈರ್ ಅದಲುಬದಲು ಮಾಡಬೇಕು. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಅರ್ಥಿಂಗ್ ಮರೆಯಬೇಡಿ.

ಕೊನೆಗೆ, ಜಾಲರಿ

ಬೆಲ್ಟ್ ಮತ್ತು ಪುಲ್ಲಿಗೆ ಕಬ್ಬಿಣದ ಜಾಲರಿ ಹಾಕದೆ ಸ್ವಿಚ್ ಒತ್ತಬೇಡಿ. ಮೇವು ಹಾಕುವವರು ಹೆಚ್ಚಾಗಿ ಅಮ್ಮ, ಅತ್ತಿಗೆ, ಅಜ್ಜಿ. ಸೆರಗು ಬೆಲ್ಟ್‌ಗೆ ಸಿಕ್ಕರೆ ಒಂದು ಕ್ಷಣ ಸಾಕು. ಥ್ರೆಶರ್‌ಗಳಲ್ಲಿ ರೈತರು, ಕೂಲಿಕಾರರು ಕೈ ಕಳೆದುಕೊಳ್ಳುತ್ತಿದ್ದರಿಂದಲೇ ದೇಶದಲ್ಲಿ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂದದ್ದು. ನಮ್ಮ ಕೊಟ್ಟಿಗೆಗೆ ಯಾರೂ ಬಂದು ತಪಾಸಣೆ ಮಾಡಲ್ಲ, ನಾವೇ ನೋಡಿಕೊಳ್ಳಬೇಕು. ಮೇವು ಹಾಕುವವರ ಕೈಗೆ ಎಟುಕುವ ಹಾಗೆ ಸ್ವಿಚ್ ಇಡಿ. ಮೇವು ಸಿಕ್ಕಿಕೊಂಡರೆ ಮೊದಲು ಆಫ್, ಚಕ್ರ ಪೂರ್ತಿ ನಿಂತ ಮೇಲಷ್ಟೇ ಕೈ.

ಇದೇ ಲೆಕ್ಕ ಹಿಟ್ಟಿನ ಗಿರಣಿಗೂ, ರಾಗಿ ಒಕ್ಕುವ ಯಂತ್ರಕ್ಕೂ ನಡೆಯುತ್ತದೆ. ಪುಲ್ಲಿ ತರಲು ಪೇಟೆಗೆ ಹೋಗುವ ಮೊದಲು ನಾಲ್ಕು ಅಂಕಿ ಮೊಬೈಲ್‌ನಲ್ಲಿ ಬರೆದುಕೊಳ್ಳಿ: ಮೋಟರ್ ವೇಗ, ಯಂತ್ರಕ್ಕೆ ಬೇಕಾದ ವೇಗ, ಯಂತ್ರದ ಪುಲ್ಲಿ, ಮೋಟರ್ ಶಾಫ್ಟ್ ದಪ್ಪ. ಇಷ್ಟಿದ್ದರೆ ಅಂಗಡಿಯವರು ಇದ್ದದ್ದನ್ನು ಕೊಟ್ಟು ಕಳಿಸಲು ಆಗಲ್ಲ, ಬೇಕಾದದ್ದನ್ನೇ ನೀವು ಕೇಳಿ ತರುತ್ತೀರಿ.